ಎಷ್ಟು ವರ್ಷದ ಬೇಲಿ

ಕಕ್ಕಬೆ
ಜನವರಿ ೧೩, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಇವರಿಗೆ,

ನಗಬೇಡಿ. ಹೆಸರು ಬರೆಯೋಣ ಅಂತಲೇ ಪೆನ್ನು ಎತ್ತಿದ್ದು, ನಾಚಿಕೆ ಆಯ್ತು. ಇಷ್ಟು ವರ್ಷ "ರೀ" ಅಂತ ಕರೆದು ಈಗ ಕಾಗದದಲ್ಲಿ ದಿಗಂತ್ ಅಂತ ಬರೆದರೆ ಬೇರೆ ಯಾರಿಗೋ ಬರೆದ ಹಾಗಿರುತ್ತೆ. ಹೇಗಿದ್ದೀರಿ? ಚಳಿಗೆ ಒಡೆದ ಬೆರಳು ವಾಸಿಯಾಯ್ತಾ? ನಾನು ಕಟ್ಟಿ ಕಳಿಸಿದ ಕೊಬ್ಬರಿ ಎಣ್ಣೆ ಆ ಹಿಮದಲ್ಲಿ ಕಲ್ಲಾಗಿರುತ್ತೆ, ಒಲೆ ಹತ್ರ ಇಟ್ಟು ಕರಗಿಸಿ ಹಚ್ಕೊಳ್ಳಿ, ಸೋಮಾರಿತನ ಮಾಡಬೇಡಿ. ರಾತ್ರಿ ಡ್ಯೂಟಿಗೆ ಹೋಗುವಾಗ ಕಿವಿ ಮುಚ್ಕೊಳ್ಳಿ. ನಾನು ಚೆನ್ನಾಗಿದೀನಿ. ನೆಗಡಿ ಹೋಗಿದೆ, ಕೆಮ್ಮು ಮಾತ್ರ ಬಾಡಿಗೆ ಕೊಡದೆ ಕೂತಿದೆ. ನಿಮ್ಮನ್ನ ನೋಡಬೇಕು ಅಂತ ತುಂಬಾ ಅನ್ಸುತ್ತೆ ರೀ. ಫೋನಲ್ಲಿ ಹಿಂದೆ ನಾಲ್ಕು ಜನ ಕಾಯ್ತಿರ್ತಾರೆ ಅಂತ ಹೇಳೋಕಾಗಲ್ಲ, ಅದಕ್ಕೆ ಇಲ್ಲಿ ಬರೆದುಬಿಟ್ಟೆ.

ಇವಳಿಗೇನು ಬಂತು, ಈ ಕಾಲದಲ್ಲಿ ಕಾಗದ ಬರೀತಿದ್ದಾಳೆ ಅಂತ ನಿಮ್ಮ ಜೊತೆಯವರು ನಗ್ತಿರಬಹುದು. ಏನ್ಮಾಡ್ಲಿ, ಬೇಲಿ ಅಂದ ಕೂಡಲೇ ನೀವು ಫೋನು ಇಡ್ತೀರಿ. ಮೂಗಿನ ತುದೀಲೇ ಕೋಪ. ಕಾಗದವನ್ನಾದ್ರೆ ಸಿಟ್ಟಲ್ಲಿ ಮಡಚಿಟ್ರೂ ಟೀ ಕುಡಿದ ಮೇಲೆ ಮತ್ತೆ ತೆಗೆದು ಓದಬಹುದು. ನಾನೀಗ ಕಾಫಿ ಕಣದ ಪಕ್ಕ ಚೀಲ ಹಾಸ್ಕೊಂಡು ಕೂತಿದೀನಿ. ಮೊನ್ನೆ ಕುಯ್ದ ಹಣ್ಣು ಹರಡಿದೆ, ಬಿಸಿಲಿಗೆ ಅದರ ಹುಳಿಹುಳಿ ವಾಸನೆ ಏಳ್ತಾ ಇದೆ, ಕಣ್ಣು ತಾನಾಗೇ ಮುಚ್ಚುತ್ತೆ. ಎದುರಿಗೆ ತಡಿಯಂಡಮೋಳ್ ಬೆಟ್ಟ ಬೆಳಗ್ಗೆಯಿಂದ ಮಂಜಿನೊಳಗೆ ಹೋಗೋದು ಬರೋದು ಮಾಡ್ತಿದೆ. ಅರ್ಧ ಎಚ್ಚರ ಅರ್ಧ ನಿದ್ದೇಲಿ ಬರೀತಿದೀನಿ, ಅಕ್ಷರ ಸೊಟ್ಟಗಾದ್ರೆ ಬೈಬೇಡಿ.

ನೀವು ಹುತ್ತರಿ ಹಬ್ಬದ ರಜೆ ಮುಗಿಸಿ ಹೊರಡುವಾಗ ಜೀಪು ಹತ್ತಿ ಹೇಳಿದ ಮಾತು ನನ್ನ ಕಿವೀಲೇ ಇದೆ. "ಮಾರ್ಚಿಗೆ ಮುಂಚೆ ಬೇಲಿ ಆಗಿರ್ಬೇಕು, ಕಂಬ ಗಟ್ಟಿ ಮರದ್ದಾಗಿರ್ಬೇಕು, ನಾನು ಸತ್ತ ಮೇಲೂ ನಿಂತಿರ್ಬೇಕು." ಸಾಯೋ ಮಾತು ಯಾಕೆ ಬೇಕಿತ್ತು? ಮಿಲಿಟರಿಯವನ ಹೆಂಡತಿ ಹತ್ರ ಹಾಗೆಲ್ಲ ಹೇಳಬಾರದು. ಅಣ್ಣನಿಗೆ ಬರ್ತೀನಿ ಅಂತ ಕೂಡ ಹೇಳದೆ ಹೋದ್ರಿ. ಭಾವ ಅವರ ಅಂಗಳದಲ್ಲಿ ನಿಂತೇ ಇದ್ರು, ಜೀಪು ತಿರುವು ದಾಟಿದ ಮೇಲೂ ನಿಂತಿದ್ರು. ಮಾವ ತೀರಿಕೊಂಡ ಮೇಲೆ ತೋಟ ಭಾಗವಾಗಿ ಸರ್ವೆ ಕಲ್ಲು ನೆಟ್ಟಾಗ ಗಡಿ ಪಕ್ಕದ ನೀರಿನ ಒರತೆ ಭಾವನ ಪಾಲಿಗೆ ಬಿದ್ದಿದ್ದು ನಿಜ. ಆದ್ರೆ ಆ ಕಲ್ಲಿನ ಮುಖವನ್ನ ಯಾರು ನೋಡಿದ್ರು ಹೇಳಿ? ಎರಡು ಮನೆಯವರೂ ಅದೇ ನೀರು ಕುಡೀತಿದ್ವಿ, ಎರಡು ತೋಟಕ್ಕೂ ಅದರಿಂದಲೇ ಪಂಪು ಹೊಡೀತಿದ್ವಿ. ಹೋದ ವರ್ಷ ಕಾಫಿ ಹೂ ಬಿಡೋ ಬ್ಲಾಸಮ್ ಹೊತ್ತಿಗೆ ಮಳೆ ಕೈಕೊಟ್ಟಿತು, ಭಾವ ಮೊದಲು ಅವರ ತೋಟಕ್ಕೆ ನೀರು ಹಾಯಿಸಿದ್ರು, ನಮ್ಮ ಸರದಿ ಬರೋದ್ರೊಳಗೆ ನಮ್ಮ ಮೊಗ್ಗೆಲ್ಲ ಕರಟಿ ಹೋಯ್ತು. ಹುತ್ತರಿ ಊಟಕ್ಕೆ ಕೂತಾಗ ನೀವು ಅದನ್ನ ಎತ್ತಿದ್ರಿ, ಅವರು "ಒರತೆ ನನ್ನ ಪಾಲಲ್ವಾ" ಅಂದುಬಿಟ್ರು. ಅಂದ ಮೇಲೆ ಅವರ ಮುಖ ನಾನು ನೋಡಿದೆ. ನೀವು ನೋಡಲಿಲ್ಲ, ಆಗಲೇ ಎಲೆ ಬಿಟ್ಟು ಎದ್ದಾಗಿತ್ತು.

ಇರಲಿ. ಗಂಡ ಹೇಳಿದ ಮೇಲೆ ಬೇಲಿ ಹಾಕಿಸಬೇಕು. ಆದ್ರೆ ನನಗೆ ಮರ ಅಂದ್ರೆ ಮರ, ಅಷ್ಟೇ. ಸುಂಟಿಕೊಪ್ಪದಲ್ಲಿ ಬಸ್ಸಿನ ಹಾರನ್ ಕೇಳ್ತಾ ಬೆಳೆದವಳು ನಾನು, ಕುಶಾಲನಗರದ ಬಸ್ಸು ಯಾವುದು ಮಡಿಕೇರಿ ಬಸ್ಸು ಯಾವುದು ಅಂತ ಸದ್ದಲ್ಲೇ ಹೇಳ್ತೀನಿ, ಮತ್ತಿ ಯಾವುದು ಹೊನ್ನೆ ಯಾವುದು ಅಂದ್ರೆ ಕಣ್ಣು ಕಣ್ಣು ಬಿಡ್ತೀನಿ. ನಾಪೋಕ್ಲಲ್ಲಿ ವಿಚಾರಿಸಿದೆ, ಬಸ್ಸಲ್ಲಿ ಸಿಕ್ಕವರನ್ನ ಕೇಳಿದೆ. ಎಲ್ಲರದ್ದೂ ಒಂದೇ ಮಾತು: "ಮರದ ವಿಷಯ ನಮ್ಮನ್ನ ಯಾಕೆ ಕೇಳ್ತೀಯಮ್ಮ, ಮನೇಲೇ ನಿನ್ನ ಭಾವ ಬೋಜಪ್ಪ ಇದ್ದಾರಲ್ಲ!" ಕೊನೆಗೆ ಒಂದು ಬೆಳಗ್ಗೆ ಗಟ್ಟಿ ಮನಸ್ಸು ಮಾಡಿ ಭಾವನ ಮನೆಗೇ ಹೋದೆ. ಯಾರಿಗೆ ಅಡ್ಡ ಬೇಲಿಯೋ ಅವರ ಹತ್ರಾನೇ ಕಂಬ ಯಾವುದು ಹಾಕ್ಲಿ ಅಂತ ಕೇಳೋ ಹೆಂಗಸು ಇಡೀ ಕೊಡಗಿನಲ್ಲಿ ನಾನೊಬ್ಬಳೇ ಇರಬೇಕು. ಭಾವ ಕಾಫಿ ಕುಡೀತಿದ್ರು. ಲೋಟ ಕೆಳಗಿಟ್ರು. ಆಮೇಲೆ ಗೋಡೆಯಿಂದ ಕತ್ತಿ ತೆಗೆದು, "ಬಾ, ತೋರಿಸ್ತೀನಿ" ಅಂದ್ರು. ನಿಮ್ಮ ಅತ್ತಿಗೆ ಪ್ರೇಮಾವತಿ ಅಕ್ಕ ಒಳಗಿಂದ, "ಬೇಲಿ ಹಾಕಿದ ಮೇಲೆ ನಿನಗೆ ಕಡಂಬಿಟ್ಟಿನ ಉಂಡೆ ಕೊಡ್ಬೇಕಾದ್ರೆ ಈಚೆಯಿಂದ ಎಸೀಬೇಕು, ಹಿಡ್ಕೊಳ್ಳೋದು ಕಲಿ" ಅಂತ ಕೂಗಿದ್ರು. ನಗು ಬಂತು, ಅದರ ಹಿಂದೆನೇ ಅಳುನೂ ಬಂತು.

ಆ ಬೆಳಗ್ಗೆ ಎಂಥ ಮಂಜು ಅಂತೀರಿ! ಭಾವ ಮುಂದೆ, ನಾನು ಹಿಂದೆ. ನಾಲ್ಕು ಹೆಜ್ಜೆ ಮುಂದೆ ಇದ್ದವರ ಕೆಮ್ಮು ಕೇಳೋದು, ಆಳು ಕಾಣ್ತಿರಲಿಲ್ಲ. ಮರಗಳು ಒಂದೊಂದೇ ಎದುರಿಗೆ ಬಂದು ನಿಲ್ಲೋವು, ಭಾವ ಕತ್ತಿಯ ಹಿಂಬದಿಯಿಂದ ಕುಟ್ಟಿ ಸದ್ದು ಕೇಳಿ ಮುಂದೆ ಹೋಗೋರು. ನಾವು ಯಾವ ಪಾಲಲ್ಲಿ ಇದೀವಿ, ಕಲ್ಲು ದಾಟಿದ್ವಾ ಇಲ್ವಾ, ಒಂದೂ ಗೊತ್ತಾಗ್ಲಿಲ್ಲ. ಗೊತ್ತಾಗದೇ ಇದ್ದಿದ್ದು ನನಗೆ ಹಾಯೆನಿಸ್ತು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ವರ್ಷ ನಿಲ್ಬೇಕು ಹೇಳು. ಅದಕ್ಕೆ ತಕ್ಕ ಮರ ಹೇಳ್ತೀನಿ."

ಸಿಲ್ವರ್ ಓಕ್ ಆದ್ರೆ ಎರಡು ಮಳೆಗಾಲ, ಮೂರನೇದಕ್ಕೆ ಒರಗಿದ್ರೆ ಬಿದ್ದುಹೋಗುತ್ತಂತೆ. ನೀಲಗಿರಿ ಒಣಗಿಸಿ ನೆಟ್ಟರೆ ನಾಲ್ಕೈದು ವರ್ಷ. ಹಾಲುವಾಣದ ಕೊಂಬೆ ಹುಗಿದರೆ ಅದು ಚಿಗುರಿ ಮರವೇ ಆಗಿಬಿಡುತ್ತೆ, ಆಮೇಲೆ ಕೀಳೋದೇ ಕಷ್ಟ. ಹೊನ್ನೆ ಬಲು ಗಟ್ಟಿ, ಆದ್ರೆ ಫಾರೆಸ್ಟಿನವರ ಪರ್ಮಿಷನ್ ಇಲ್ಲದೆ ಕೊಡಲಿ ಮುಟ್ಟೋ ಹಾಗಿಲ್ಲ. ಬಲಿತ ಹಲಸಾದ್ರೆ ಹೊರಗಿನ ಬಿಳಿಯೆಲ್ಲ ಕೆತ್ತಿ ಹಾಕಿ, ಒಳಗಿನ ಹಳದಿ ಚೇಗು ಮಾತ್ರ ತಗೋಬೇಕು, ಆ ಚೇಗಿಗೆ ಗೆದ್ದಲು ಬಾಯಿ ಹಾಕಲ್ಲ, ಒಂದು ತಲೆಮಾರು ನಿಲ್ಲುತ್ತೆ. ಯಾವ ಮರವಾದ್ರೂ ಮಣ್ಣಿನ ಆಳದಲ್ಲೂ ಬೇಗ ಕೊಳೆಯಲ್ಲ, ಮೇಲೂ ಕೊಳೆಯಲ್ಲ, ಮಣ್ಣೂ ಗಾಳಿಯೂ ಸೇರೋ ಆ ಒಂದು ಗೇಣಲ್ಲೇ ಕೊಳೆಯೋದಂತೆ. ಅದಕ್ಕೆ ಅಲ್ಲಿ ಬೆಂಕೀಲಿ ಸುಟ್ಟು ಕಪ್ಪು ಮಾಡಿ ಡಾಮರು ಬಳೀಬೇಕು, ತಲೆಯನ್ನ ಓರೆಯಾಗಿ ಕಡಿದು ನೀರು ನಿಲ್ಲದ ಹಾಗೆ ಮಾಡಬೇಕು. ನಾನು ಶಾಲೆ ಹುಡುಗಿ ಥರ ಕೇಳ್ತಿದ್ದೆ. ಮಾತಿಗೆ ಮಾತು ಬಂದು "ಕಲ್ಲುಕಂಬ ಹಾಕಿದ್ರೆ?" ಅಂದೆ. ಭಾವನ ಮುಖ ಸಣ್ಣಗಾಯ್ತು. "ಹಾಕಬಹುದು" ಅಂದ್ರು, ಮುಂದೆ ನಡೆದ್ರು. ನನ್ನ ನಾಲಿಗೆಗೆ ಬರೆ ಹಾಕ್ಕೋಬೇಕು ಅನ್ನಿಸ್ತು.

ಒರತೆ ಮೇಲಿನ ಏರಿಯಲ್ಲಿ ಕಾಯಿ ಬಿಡೋದು ನಿಲ್ಲಿಸಿದ ಹಳೇ ಹಲಸು ಇದೆಯಲ್ಲ, ಅದನ್ನ ತಟ್ಟಿ ನಿಂತ್ರು. ಅದು ಅವರ ಪಾಲಿನ ಮರ. "ನಿಮ್ಮ ಪಾಲಲ್ಲಿ ಇಷ್ಟು ಬಲಿತದ್ದು ಇಲ್ಲ. ಇದನ್ನೇ ಕಡಿಯೋಣ. ದಿಗಂತನ ಬೇಲಿ ಕಚ್ಚಾ ಆಗಬಾರ್ದು" ಅಂದ್ರು. ರೀ, ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತ ನಮ್ಮಮ್ಮ ಹೇಳ್ತಿದ್ಲು. ಯಾವ ದಾಯಾದಿ ತನಗೆ ಅಡ್ಡ ಹಾಕೋ ಬೇಲಿಗೆ ತನ್ನ ಮರ ಕಡಿದು ಕೊಡ್ತಾನೆ? ನಿಮಗಿಂತ ಹದಿನಾಲ್ಕು ವರ್ಷ ದೊಡ್ಡವರು. ನಿಮ್ಮನ್ನ ಹೆಗಲ ಮೇಲೆ ಕೂರಿಸ್ಕೊಂಡು ನಾಪೋಕ್ಲು ಸಂತೆಗೆ ಹೋಗ್ತಿದ್ದ ಕಥೆ ಮದುವೆಯಾದ ಹೊಸದರಲ್ಲಿ ನೀವೇ ಎಷ್ಟು ಸಲ ಹೇಳಿಲ್ಲ.

ಆದ್ರೆ ಕೆಲಸ ಮಾತ್ರ ಮುಂದೆ ಹೋಗ್ತಿಲ್ಲ. ಹೋದ ತಿಂಗಳು ಹೇಳಿದ್ರು, ಬೆಳದಿಂಗಳ ಪಕ್ಷದಲ್ಲಿ ಕಡಿದ ಮರಕ್ಕೆ ಹುಳ ಬೀಳುತ್ತೆ, ಹುಣ್ಣಿಮೆ ಕಳೀಲಿ ಅಂತ. ಹುಣ್ಣಿಮೆ ಕಳೀತು. ಈಗ ಕಾಫಿ ಹಣ್ಣಿನ ಪಿಕಿಂಗಿಗೆ ಆಳು ಸಾಲದು ಅಂತಾರೆ. ಬರೋ ಭಾನುವಾರ ಅಮಾವಾಸ್ಯೆ, ಅದು ದಾಟಿದ್ರೆ ಮತ್ತೆ ಬೆಳದಿಂಗಳು, ಮತ್ತೆ ಕಾಯಬೇಕು. ಭಾವ ಕುಂಟುನೆಪ ಹೇಳ್ತಿದ್ದಾರೆ ಅಂತ ನನಗೂ ಗೊತ್ತು, ನನಗೆ ಗೊತ್ತು ಅಂತ ಅವರಿಗೂ ಗೊತ್ತು. ನಾನೂ "ಹೌದು ಭಾವ, ಹುಳ ಬಿದ್ದರೆ ಕಷ್ಟ" ಅಂತ ತಲೆ ಆಡಿಸ್ತೀನಿ. ಬೈಯೋದಾದ್ರೆ ಇಬ್ಬರನ್ನೂ ಸೇರಿಸಿ ಬೈರಿ.

ಈಗಷ್ಟೇ ಇಲ್ಲೇ ಕೂತಲ್ಲೇ ಕಣ್ಣು ಹತ್ತಿತ್ತು, ಒಂದು ಕನಸು ಬಿತ್ತು. ನೀವಿಬ್ಬರೂ ಒಂದು ಉದ್ದನೆ ಕಂಬ ಹೊತ್ತಿದ್ರಿ, ಒಂದು ತುದಿ ನಿಮ್ಮ ಹೆಗಲ ಮೇಲೆ, ಇನ್ನೊಂದು ಅವರ ಹೆಗಲ ಮೇಲೆ. ಎಲ್ಲಿ ಇಳಿಸೋದು ಅಂತ ಗೊತ್ತಾಗದೆ ಮಂಜಲ್ಲಿ ತೋಟವೆಲ್ಲ ಸುತ್ತುತ್ತಿದ್ರಿ. ಹಿಂದಿನವರು "ಇಲ್ಲಿ" ಅಂದ್ರೆ ಮುಂದಿನವರು "ಇನ್ನೂ ಸ್ವಲ್ಪ ದೂರ" ಅನ್ನೋರು. ನಾನು ಊಟಕ್ಕೆ ಕರೀತಿದ್ದೆ, ಇಬ್ಬರಿಗೂ ಕೇಳಿಸ್ತಿರಲಿಲ್ಲ. ಎಚ್ಚರವಾದಾಗ ಕಣದಲ್ಲಿ ಕೋಳಿಗಳು ಕಾಫಿ ಕೆದಕ್ತಿದ್ವು, ಅವುಗಳನ್ನ ಓಡಿಸಿ ಮತ್ತೆ ಬರೆಯೋಕೆ ಕೂತೆ.

ಈಗ ನನ್ನ ಪ್ರಶ್ನೆಗೆ ಉತ್ತರ ಹೇಳಿ. ಎಷ್ಟು ವರ್ಷ ನಿಲ್ಬೇಕು? ನಾನು ಭಾವನಿಗೆ ಏನು ಹೇಳ್ಲಿ? ನಿಮ್ಮ ಸಿಟ್ಟು ಸಿಲ್ವರ್ ಓಕಿನದಾದ್ರೆ ಹಲಸು ಯಾಕೆ ಕಡಿಸೋದು? ಹಲಸಿನದೇ ಆದ್ರೆ ಅದನ್ನೂ ಹೇಳಿ, ನಾನು ಗಟ್ಟಿಯಾಗಿ ಕೂತು ಕೇಳ್ತೀನಿ. ನನ್ನ ಮನಸ್ಸು ಕೇಳಿದ್ರೆ ನನಗೆ ಬೇಲಿಯೇ ಬೇಡ. ನೀವು ದೂರ ಇರೋವಾಗ ನನಗೆ ರಾತ್ರಿ ಧೈರ್ಯ ಕೊಡೋದು ಆ ಮನೆಯ ಲೈಟು.

ಇನ್ನು ಮುಗಿಸ್ತೀನಿ, ನಾಪೋಕ್ಲಿಗೆ ಹೋಗೋ ಜೀಪು ಬರೋ ಹೊತ್ತಾಯ್ತು. ಇಗ್ಗುತಪ್ಪ ನಿಮ್ಮನ್ನೂ ನಿಮ್ಮ ಜೊತೆಯವರನ್ನೂ ಕಾಪಾಡ್ಲಿ. ಹೊಟ್ಟೆ ತುಂಬಾ ತಿನ್ನಿ. ಅಕ್ಕ ನಿಮ್ಮನ್ನ ಕೇಳಿದ್ರು ಅಂತ ಬರೆಯೋಕೆ ಹೇಳಿದ್ದಾರೆ. ಭಾವ ಏನೂ ಹೇಳಿಲ್ಲ, ಆದ್ರೆ ಅಲ್ಲಿ ಎಷ್ಟು ಹಿಮ ಬಿದ್ದಿದೆ ಅಂತ ದಿನಾ ನನ್ನ ಫೋನಲ್ಲಿ ನೋಡ್ತಾರೆ.

ನಿಮ್ಮ ದಾರಿ ಕಾಯ್ತಿರೋ,
ಉಷಾ

ಮರೆತ ಮಾತು: ಮರೆತಿದ್ದಲ್ಲ, ಈಗ ತಾನೇ ನೋಡಿದ್ದು. ಕವರು ಅಂಟಿಸೋಕೆ ಅನ್ನದ ಅಗಳು ತರೋಣ ಅಂತ ಎದ್ದೆ, ಒರತೆ ಕಡೆಯಿಂದ ಹಾರೆ ಸದ್ದು ಬಂತು. ಓಡಿದೆ. ಭಾವ ಒಬ್ಬರೇ ಕಂಬಕ್ಕೆ ಗುಂಡಿ ತೋಡ್ತಿದ್ದಾರೆ, ಆಗಲೇ ಒಂದು ಸಾಲು ಆಗಿದೆ. ಆದ್ರೆ ಸರ್ವೆ ಕಲ್ಲಿನ ಸಾಲಲ್ಲಿ ಅಲ್ಲ ರೀ. ಒರತೆಯ ಆಚೆ, ಅವರ ತೋಟದ ಒಳಗೆ. ಆ ಗೆರೆಗೆ ಬೇಲಿ ಬಂದರೆ ಒರತೆ ಪೂರ್ತಿ ನಮ್ಮ ಕಡೆಗೆ ಬರುತ್ತೆ, ಅವರಿಗೆ ಒಂದು ಕೊಡ ನೀರೂ ಇಲ್ಲ. "ಭಾವ, ಗೆರೆ ತಪ್ಪಿದೆ" ಅಂದೆ. ತಲೆ ಎತ್ತಲಿಲ್ಲ. "ತಪ್ಪಿಲ್ಲ. ಅವನು ನೀರಿಗೆ ಅಂತ ಇನ್ನೊಬ್ಬರ ಬೇಲಿ ದಾಟಬಾರ್ದು" ಅಂದ್ರು. ನಿಮ್ಮ ತೋಟಕ್ಕೆ ಏನು ಮಾಡ್ತೀರಿ ಅಂದ್ರೆ ಮಳೆ ಬರುತ್ತೆ ಅಂತಾರೆ. ಹಾರೆ ಕಿತ್ಕೊಳ್ಳೋಕೆ ನೋಡಿದೆ, ಕೊಡಲಿಲ್ಲ. ನಾನು ಎಷ್ಟು ಹೇಳಿದ್ರೂ ಆ ಗುಂಡಿ ಮುಚ್ಚಲ್ಲ ಅವರು. ಫೋನು ಸಿಕ್ಕ ಕೂಡಲೇ ನನಗೆ ಮಾಡಬೇಡಿ, ಅಣ್ಣನಿಗೆ ಮಾಡಿ.