ತಳದಲ್ಲೊಂದು ತೂತು

ಅಪ್ಪಾಜಿ,

ನೀವು ಹೋದ ಮೇಲೆ ಶಿಕಾರಿಪುರದ ನಮ್ಮ ಬೇಕರಿಯ ಭಟ್ಟಿ ಆರಿಹೋಯಿತು. ಇವತ್ತು ಸೊರಬದ ಮನೆಗೆ ಬ್ರೆಡ್ ಮಾಡುವ ಮಷಿನ್ ತಂದೆ.

ಅಂಗಡಿಯಲ್ಲಿ ಎರಡಿದ್ದವು. ದೊಡ್ಡದನ್ನೇ ಕೊಳ್ಳಬೇಕೆಂದಿದ್ದೆ. "ಇದ್ರ ಮುಚ್ಚಳಕ್ಕೆ ಗಾಜಿದೆ ನೋಡ್ರೀ, ಒಳಗಾಗೋದೆಲ್ಲ ಕಾಣ್ತದೆ," ಎಂದು ಅಂಗಡಿಯವರು ಸಣ್ಣದನ್ನು ತೋರಿಸಿದ್ದೇ ಮನಸ್ಸು ಬದಲಾಯಿತು. ನೀವು ನನ್ನನ್ನು ಭಟ್ಟಿಯೊಳಗೆ ಇಣುಕಲು ಬಿಟ್ಟವರೇ ಅಲ್ಲ. "ಗಂಗವ್ವಾ, ಬಾಗ್ಲು ತೆಗೀಬ್ಯಾಡ, ಉಬ್ಬಿದ್ದು ಕುಂತ್ಬಿಡ್ತೈತಿ," ಎನ್ನುತ್ತಿದ್ದಿರಿ.

ಇವತ್ತು ಕಣ್ತುಂಬ ನೋಡಿದೆ. ಯಾರ ಕೈಯೂ ಸೋಕದೆ ಹಿಟ್ಟು ತಾನೇ ನಾದಿಕೊಂಡಿತು, ಉಸಿರೆಳೆದುಕೊಂಡಂತೆ ಮೆಲ್ಲಗೆ ಮೇಲೆದ್ದಿತು, ಕೆಂಪಗಾಯಿತು. ನಾನು ಅಡುಗೆಮನೆ ಬಿಟ್ಟು ಕದಲಲಿಲ್ಲ.

ನನಗೆಂದು ತೆಗೆದಿಟ್ಟ ದಿನದ ಮೊದಲ ಬ್ರೆಡ್ಡನ್ನು ಯಾರೂ ಮಾರಬಾರದೆಂದು ನೀವು ಅದರ ತಳಕ್ಕೆ ಹೆಬ್ಬೆರಳು ಒತ್ತಿ ತೂತು ಮಾಡುತ್ತಿದ್ದಿರಲ್ಲ, ಮದುವೆಯಾಗಿ ಸೊರಬಕ್ಕೆ ಬಂದ ಮೇಲೂ ಅದು ಬಸ್ಸಿನಲ್ಲಿ ನನಗೆ ಬರುತ್ತಿತ್ತು. ನಾನು ಖಾಲಿ ಚೀಲವನ್ನಷ್ಟೇ ವಾಪಸು ಬಸ್ಸಿಗೆ ಹತ್ತಿಸುತ್ತಿದ್ದೆ.

ಇವತ್ತು ಬ್ರೆಡ್ ಬೆಂದ ಮೇಲೆ ಮಷಿನ್ನಿನೊಳಗಿನ ಡಬ್ಬ ಹೊರತೆಗೆದು ಬೋರಲು ಹಾಕಿದೆ. ಬ್ರೆಡ್ಡಿನ ತಳದಲ್ಲೊಂದು ತೂತು! ಹಿಟ್ಟು ನಾದುವ ಬ್ಲೇಡು ಬಿಟ್ಟ ಗುರುತೆಂದು ಗೊತ್ತು. ಆದರೂ ಹೆಬ್ಬೆರಳಿಟ್ಟು ನೋಡಿದೆ. ನನ್ನ ಬೆರಳಿಗಿಂತ ಸ್ವಲ್ಪ ದೊಡ್ಡದಿತ್ತು. ಒಳಗೆ ಇನ್ನೂ ಬಿಸಿಯಿತ್ತು.