ಮಂಚದ ಮೇಲಿಂದ ಕಾಲು ಪ್ರಯಾಣ

ಒಳಗೆ ಕುಳಿತಿರುವ ಪ್ರಯಾಣಿಕರ ಗಮನಕ್ಕೆ,

ಹೀಗೆ ಶುರುಮಾಡಿದ್ದಕ್ಕೆ ನಗಬೇಡ. ನೀನಿರುವುದು ನನ್ನ ಹೊಟ್ಟೆಯಲ್ಲಿ. ಹೊಟ್ಟೆ ಹುಣ್ಣಾಗುವಷ್ಟು ನಗುವ ಹಕ್ಕನ್ನು ಡಾಕ್ಟರಮ್ಮ ಸದ್ಯಕ್ಕೆ ನಮ್ಮಿಬ್ಬರಿಂದಲೂ ಕಿತ್ತುಕೊಂಡಿದ್ದಾರೆ.

ನಾನು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವವಳು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಯಾವುದು ತಡ, ಯಾವುದು ರದ್ದು ಎಂದು ಊರಿಗೆಲ್ಲ ಸಾರುವ ಬಾಯಿ ನನ್ನದು. ಆದರೆ ಆ ಬಾಯಿ ಕೂರುವ ಕೋಣೆಗೆ ಕಿಟಕಿಯಿಲ್ಲ. ಹೊರಗಿನ ಸದ್ದು ಒಳಗೆ ಬರಬಾರದೆಂದು ಗೋಡೆಗೆಲ್ಲ ತೂತಿನ ಹಲಗೆ ಹೊಡೆದಿದ್ದಾರೆ. ಎಷ್ಟೋ ಗಾಡಿಗಳನ್ನು ಬರಮಾಡಿಕೊಂಡು ಬೀಳ್ಕೊಟ್ಟಿದ್ದೇನೆ, ಕೆಲಸದಲ್ಲಿರುವಾಗ ಒಂದನ್ನೂ ಕಣ್ಣಾರೆ ಕಂಡಿಲ್ಲ. ಒಂದು ಮಾತನ್ನು ಮಾತ್ರ ಅನುಭವದಿಂದ ಹೇಳಬಲ್ಲೆ: ವೇಳೆಗೆ ಮೊದಲೇ ಬರುತ್ತಿದೆ ಎಂದು ನಾನು ಯಾವ ಗಾಡಿಯ ಬಗ್ಗೆಯೂ ಘೋಷಿಸಿದವಳಲ್ಲ. ನೀನು ಹೊಸ ಪದ್ಧತಿ ಹುಟ್ಟುಹಾಕಬೇಡ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ನಿನಗೆ ಅವಸರ ಎಂದು ಗೊತ್ತಾದ ದಿನ ಡಾಕ್ಟರಮ್ಮ ಹೇಳಿದ್ದು ಇಷ್ಟು: “ಗರ್ಭದ ಬಾಗಿಲು ಸಡಿಲ ಆಗಿದೆ, ಒಂದು ಹೊಲಿಗೆ ಹಾಕಿದೀನಿ. ಇನ್ನು ನೀವು ಮಲಗಿದ್ರೆ ಮಗು ಒಳಗಿರುತ್ತೆ.” ನಾನು ಎದ್ದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅಂದಿನಿಂದ ಬಚ್ಚಲಿಗೆ ಹೋಗಿಬರುವ ನಾಲ್ಕು ಹೆಜ್ಜೆಯಷ್ಟೇ ನನಗೆ ಮಂಜೂರಾದ ಪ್ರವಾಸ.

ಈ ಕೋಣೆಯನ್ನು ಪರಿಚಯ ಮಾಡಿಕೊಡುತ್ತೇನೆ, ಮುಂದೆ ನಿನ್ನದೂ ಇದೇ ತಾನೆ. ಮಹಡಿಯ ಮೇಲಿನ ಬಾಡಿಗೆ ಮನೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಬಾಗಿಲು ಒಂದೇ. ತೆಗೆದರೆ ತಾರಸಿ, ತಾರಸಿಯ ಅಂಚಿನಿಂದ ಬೀದಿಗೆ ಇಳಿಯುವ ಮೆಟ್ಟಿಲು. ಕಿಟಕಿಯೂ ಒಂದೇ. ಮಲಗಿದವಳಿಗೆ ಅದರಿಂದ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು ಮಾತ್ರ; ನನ್ನ ಹಾಗೇ ದುಂಡಗೆ, ನನ್ನ ಹಾಗೇ ಕದಲದೆ ಕೂತಿದೆ. ಮೇಲೆ ಫ್ಯಾನು. ಮನೆಯಲ್ಲಿ ಅದರಷ್ಟು ತಿರುಗುವವರು ಇನ್ನೊಬ್ಬರಿಲ್ಲ, ಆದರೂ ಅದು ಎಲ್ಲಿಗೂ ತಲುಪಿಲ್ಲ. ಚಾವಣಿಯ ಮೂಲೆಯಲ್ಲಿ ತೇವದ ಕಲೆಯೊಂದಿದೆ. ಮೊದಮೊದಲು ಅದು ಮೋಡವಾಗಿತ್ತು, ಆಮೇಲೆ ದ್ವೀಪವಾಯಿತು, ಈಗ ಬರೀ ತೇವದ ಕಲೆ. ಕಲ್ಪನೆಗೂ ಬೆನ್ನುನೋವು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬಾಗಿಲ ಕಾವಲಿಗೆ ನಿನ್ನಜ್ಜಿ, ಅಂದರೆ ನನ್ನ ಅತ್ತೆ. ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿರುತ್ತಾರೆ, ಕಿವಿ ಮಾತ್ರ ಮಂಚದ ಮೇಲೆ. ನಾನು ಮಗ್ಗುಲು ಬದಲಿಸಿದರೆ ಸಾಕು, “ಎಲ್ಲಿಗೆ ಹೊರಟೆ?” ಅನ್ನುತ್ತಾರೆ. “ಎಡದಿಂದ ಬಲಕ್ಕೆ, ಅತ್ತೆ” ಅಂದರೆ, “ಹೇಳಿ ಹೋಗು” ಅನ್ನುತ್ತಾರೆ.

ಹೀಗೆ ಬಿದ್ದುಕೊಳ್ಳುವ ಮೊದಲು ನಾನೂ ನಿಮ್ಮಪ್ಪನೂ ಅಲೆಮಾರಿಗಳಾಗಿದ್ದೆವು, ಚಿಲ್ಲರೆ ಅಲೆಮಾರಿಗಳು. ನಿಮ್ಮಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರು. ನನ್ನ ಪಾಳಿಯೂ ಅವರ ಅಂಗಡಿಯೂ ಸೇರಿ ನಮಗೆಂದು ಬಿಟ್ಟುಕೊಡುತ್ತಿದ್ದದ್ದು ಸಂಜೆಯ ಒಂದು ತುಣುಕು. ರಜೆ ಹಾಕಿ ಬೆಟ್ಟ ಹತ್ತೋಣ ಎಂದು ಎಷ್ಟೋ ಸಲ ಯೋಚಿಸಿದೆವು. ರಜೆ ಸಿಗಲಿಲ್ಲ, ಬೆಟ್ಟವೂ ತಾನಾಗಿ ಹತ್ತಿರ ಬರಲಿಲ್ಲ. ಕೊನೆಗೆ ಒಂದು ಸಂಜೆ ಬೇಸರಕ್ಕೆ, ಮನೆಯ ಹಿಂದಿನ ಮೋರಿ ಎಲ್ಲಿಗೆ ಹೋಗುತ್ತದೆ ನೋಡೇಬಿಡೋಣ ಎಂದು ಅದರ ಪಕ್ಕದಲ್ಲೇ ನಡೆದೆವು. ಅದು ಹೋಗಿ ಸೇರಿದ್ದು ಒಂದು ಹಳ್ಳಕ್ಕೆ. ಹಳ್ಳದ ಮೇಲೊಂದು ಹಳೆಯ ಕಾಲುಸೇತುವೆ, ಆಚೆ ದಡದಲ್ಲಿ ಮೈತುಂಬ ಬೆಳ್ಳಕ್ಕಿ ಹೊತ್ತ ಮರ. ಇಷ್ಟು ವರ್ಷ ನಾವು ಪಾತ್ರೆ ತೊಳೆದ ನೀರು ದಿನಾ ಇಂಥ ಚೆಂದದ ಜಾಗಕ್ಕೆ ಹೋಗುತ್ತಿತ್ತು, ನಮಗೇ ಪುರಸೊತ್ತಿರಲಿಲ್ಲ.

ಅದಕ್ಕೆ ನಾನು ಕಾಲು ಪ್ರಯಾಣ ಎಂದು ಹೆಸರಿಟ್ಟೆ. ನಡೆಯುವುದು ಕಾಲಿನಲ್ಲಿ, ಸಿಗುವುದು ನಿಜವಾದ ಪ್ರಯಾಣದ ಕಾಲು ಭಾಗ. ಹೋದ ದಾರಿಯಲ್ಲೇ ಮರಳಬಾರದು ಎಂಬುದಷ್ಟೇ ನಿಯಮ. ಬೀದಿಯ ತುದಿಯ ಗುಡ್ಡ, ಕೆಲಸ ನಿಂತ ಇಟ್ಟಿಗೆ ಗೂಡು, ಯಾವುದೋ ಬಸ್ಸಿನ ಕೊನೆಯ ಸ್ಟಾಪು. ಬಿಸ್ಕತ್ತಿನ ಪೊಟ್ಟಣವೇ ಬುತ್ತಿ. ಕತ್ತಲಾಗುವ ಮುಂಚೆ ಮನೆಗೆ ಬಂದರೆ ನಿಮ್ಮಪ್ಪನ ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು, ನನ್ನ ಎದೆಯ ತುಂಬ ಗಾಳಿ. ಮರುದಿನ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಅದೇ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಖರ್ಚುಮಾಡುತ್ತಿದ್ದೆ.

ಇನ್ನೊಂದು ವಿಷಯ ಹೇಳಬೇಕು, ತಮಾಷೆ ಮಾಡದೆ. ನಿನಗಿಂತ ಮುಂಚೆ ಒಬ್ಬರು ಇದೇ ಗಾಡಿ ಹತ್ತಿದ್ದರು. ನಿಲ್ದಾಣವೇ ಇಲ್ಲದ ಕಡೆ ಇಳಿದುಹೋದರು. ಆ ಸಂಜೆ ನನಗೆ ಪಾಳಿ ಇತ್ತು, ನಿಮ್ಮಪ್ಪ ಒಬ್ಬರೇ ಹಳ್ಳಕ್ಕೆ ಹೋಗಿದ್ದರು. ಅಲ್ಲಿ ತಗ್ಗು, ಫೋನು ಸಿಗುವುದಿಲ್ಲ. ನನ್ನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಸ್ಟೇಷನ್ ಮಾಸ್ಟರು. ನಿಮ್ಮಪ್ಪ ಜೊತೆಗಿದ್ದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನಿಮ್ಮಪ್ಪ ಹೂಂ ಅಂದರು. ತಲೆ ಒಪ್ಪಿತು, ಕಾಲು ಒಪ್ಪಲಿಲ್ಲ. ಅಂದಿನಿಂದ ಕಾಲು ಪ್ರಯಾಣ ನಿಂತೇಹೋಯಿತು.

ಮಂಚಕ್ಕೆ ಬಿದ್ದ ಮೇಲೆ ನನಗೊಂದು ಉಪಾಯ ಹೊಳೆಯಿತು. ನಾನು ಹೋಗಲಾರೆ, ಅವರಾದರೂ ನನ್ನ ಪರವಾಗಿ ಹೋಗಿಬಂದು ವರದಿ ಒಪ್ಪಿಸಲಿ. ಅಂಗಡಿಯಿಂದ ಬಂದವರನ್ನು ಕೂರಲೂ ಬಿಡದೆ ಅಟ್ಟುತ್ತಿದ್ದೆ. ಮೊದಲ ವರದಿ ಹೀಗಿತ್ತು.

“ಏನು ನೋಡಿದ್ರಿ?”

“ಮರ ಇತ್ತು.”

“ಎಂಥ ಮರ?”

“ದೊಡ್ಡದು.”

“ಅದರ ಮೇಲೆ?”

ತುಂಬಾ ಯೋಚಿಸಿ, “ಎಲೆ ಇತ್ತು” ಅಂದರು. ಊರಿನವರ ಕಣ್ಣನ್ನೆಲ್ಲ ನೆಟ್ಟಗೆ ಮಾಡುವ ಮನುಷ್ಯ. ನನ್ನ ಮುಖ ಬಾಡಿದ್ದನ್ನು ಮಾತ್ರ ಚೆನ್ನಾಗಿ ನೋಡಿದರು ಅಂತ ಕಾಣುತ್ತದೆ.

ಆಮೇಲಾಮೇಲೆ ವರದಿಗಳು ಕಳೆಗಟ್ಟಿದವು. ಸೇತುವೆಯ ಮೇಲೆ ಕೆಂಪು ಛತ್ರಿಯ ಹೆಂಗಸು ನಿಂತು ಯಾರನ್ನೋ ಬೈಯುತ್ತಿದ್ದಳಂತೆ. ಹುಡುಗಿಯರು ಬಿದ್ದ ಚಪ್ಪಲಿಯನ್ನು ಕೋಲಿನಲ್ಲಿ ಎತ್ತುತ್ತಿದ್ದರಂತೆ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಆ ಸ್ವಲ್ಪ ಹೊತ್ತು ಚಾವಣಿ ಹಿಂದಕ್ಕೆ ಸರಿದು ನಿಲ್ಲುತ್ತಿತ್ತು. ನೀನೂ ಕೇಳಿಸಿಕೊಂಡಿರುತ್ತೀಯ.

ಒಂದು ದಿನ ನಾಯಿ ಬಂತು. “ಹಳ್ಳದ ದಂಡೇಲಿ ಒಂದು ನಾಯಿ ನನ್ನ ಪಕ್ಕಾನೇ ಕೂತಿತ್ತು. ಒಂದು ಕಿವಿ ಮಡಚಿಕೊಂಡು, ಬಾಲಕ್ಕೆ ನೀಲಿ ದಾರ ಸುತ್ಕೊಂಡು” ಅಂದರು.

ಮಡಚಿದ ಕಿವಿಯ, ಮೈಮೇಲೆಲ್ಲ ದಾರದ ಚೂರಿನ ನಾಯಿ ಊರಿಗೆಲ್ಲ ಒಂದೇ. ಅದು ನಮ್ಮ ಬೀದಿಯ ದರ್ಜಿಯದು. ಅವನ ಅಂಗಡಿಯ ಮೆಟ್ಟಿಲು ಬಿಟ್ಟು ಇಳಿಯದಷ್ಟು ಸೋಮಾರಿ, ತಟ್ಟೆಯನ್ನೂ ಅದರ ಮೂತಿಯ ಬಳಿಗೇ ಒಯ್ಯಬೇಕು. ಅದು ಹಳ್ಳದವರೆಗೆ ನಡೆದಿದೆ ಅನ್ನುವುದು, ನಾನು ಎದ್ದು ಕುಣಿದೆ ಅಂದಷ್ಟೇ ನಿಜ.

“ಏನ್ರೀ, ಆ ನಾಯಿ ಹಳ್ಳಕ್ಕೆ ಬಸ್ಸಲ್ಲಿ ಬಂದಿತ್ತಾ?” ಅಂದೆ.

ನಿಮ್ಮಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದರು, ಒರೆಸಿದರು. ಅಡುಗೆಮನೆಯಿಂದ ನಿನ್ನಜ್ಜಿಯೇ ಹೇಳಿದರು: “ಇವನು ದಿನಾ ದರ್ಜಿ ಅಂಗಡಿ ಮೆಟ್ಟಿಲ ಮೇಲೇ ಕೂತಿರ್ತಾನೆ ಕಣೇ. ಸೊಪ್ಪಿಗೆ ಹೋದಾಗೆಲ್ಲ ನೋಡ್ತೀನಿ. ಸುಮ್ನೆ ಕೂತಿದಾನಲ್ಲ ಅಂತ ದರ್ಜಿ ಇವನ ಕೈಲಿ ಗುಂಡಿ ಬೇರೆ ಹೊಲಿಸ್ತಿದಾನೆ.”

ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಅಂದರು: “ಅಲ್ಲಿಂದ ನಮ್ಮ ಕಿಟಕಿ ಕಾಣುತ್ತೆ. ಹಳ್ಳದ ಹತ್ರ ಫೋನ್ ಸಿಗಲ್ಲ.”

“ಹಾಗಾದ್ರೆ ಮನೇಲೇ ಇರಬಾರದಿತ್ತಾ?”

“ನೀನು ಅಷ್ಟು ಆಸೆಯಿಂದ ಕಳಿಸ್ತಿದ್ದೆಯಲ್ಲ.”

ನಾನು ಮಂಚಕ್ಕೆ ಸಿಕ್ಕಿಬಿದ್ದಿದ್ದೆ, ಅವರು ಕಿಟಕಿಗೆ, ಅತ್ತೆ ಬಾಗಿಲಿಗೆ. ಬೀಗದ ಕೈ ನಿನ್ನ ಹತ್ತಿರ, ನಿನಗೋ ಬೆರಳಿನ ಉಗುರೂ ಸರಿಯಾಗಿ ಬಲಿತಿಲ್ಲ.

ಮರುದಿನ ನಾನೇ ಅಂದೆ, “ನಾನು ಮಂಚ ಬಿಟ್ಟು ಇಳಿಯಬಾರದು ಸರಿ. ಮಂಚ ಕೋಣೆ ಬಿಟ್ಟು ಹೋಗಬಾರದು ಅಂತ ಯಾರು ಹೇಳಿದಾರೆ?” ಫೋನಿನಲ್ಲಿ ಡಾಕ್ಟರಮ್ಮ ನಕ್ಕು, “ಕುಲುಕದ ಹಾಗೆ ತಾರಸಿಗೆ ತಳ್ಳಿಕೊಂಡು ಹೋಗಿ, ಅಡ್ಡಿಯಿಲ್ಲ” ಅಂದರು. ನಿಮ್ಮಪ್ಪನ ಮುಖದಲ್ಲಿ ಜೀವ ಬಂತು. ಅಳತೆ ಅವರ ಕಸುಬು. ಎರಡು ಕಣ್ಣುಪಾಪೆಯ ನಡುವಿನ ದೂರವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವವರು. ಮಂಚ ಅಳೆದರು, ಬಾಗಿಲು ಅಳೆದರು, “ಸಲೀಸಾಗಿ ಹೋಗುತ್ತೆ” ಅಂದರು. ಮಂಚದ ಕಾಲಿಗೆ ಹಳೆಯ ಕಂಬಳಿಯ ತುಂಡು ಕಟ್ಟಿದರು. ದರ್ಜಿಯನ್ನು ಕರೆತಂದರು. ಇವರಿಬ್ಬರು ತಾರಸಿಯಿಂದ ಎಳೆದರು, ಅತ್ತೆ ಒಳಗಿನಿಂದ ತಳ್ಳಿದರು. ನನ್ನ ಪಾದ ಹೊರಬಂತು, ಮೊಣಕಾಲು ಬಂತು, ನೀನು ಬಂದೆ, ನನ್ನ ಭುಜವೂ ಬಂತು. ಅಲ್ಲಿಗೆ ಮಂಚ ಸಿಕ್ಕಿಕೊಂಡಿತು.

ಆಗಿದ್ದು ಇಷ್ಟೇ. ಆ ಮಂಚವನ್ನು ಬಡಗಿ ಕೋಣೆಯ ಒಳಗೇ ಜೋಡಿಸಿದ್ದ, ತಲೆಯ ಕಡೆಯ ಹಲಗೆ ಕಾಲ ಕಡೆಗಿಂತ ಅಗಲ. ನಿಮ್ಮಪ್ಪ ಅಳೆದದ್ದು ಕಾಲ ಕಡೆ. “ತಲೆ ಕಡೆ ಯಾಕಪ್ಪಾ ಅಳೀಲಿಲ್ಲ?” ಎಂದು ದರ್ಜಿ ಕೇಳಿದರೆ, “ಅವಳು ನಿದ್ದೆ ಮಾಡ್ತಿದ್ಲು, ಎಚ್ಚರ ಆದೀತು ಅಂತ” ಅಂದರು.

ಇರುವ ಒಂದೇ ಬಾಗಿಲಿಗೆ ನಾನೇ ಬಿರಡೆ. ಅತ್ತೆ ಒಳಗೆ ಬಂದಿ. ಅಲ್ಲಿಂದಲೇ ಬೈಯುತ್ತಾ ನನ್ನ ತಲೆಯ ಮೇಲಿಂದ ಹೊರಗಿನವರಿಗೆ ಚಹಾ ದಾಟಿಸಿದರು. ಇಷ್ಟು ದಿನ ನನ್ನ ಮೈ ಒಳಗಿತ್ತು, ತಲೆ ಹೊರಗೆಲ್ಲ ಅಲೆಯುತ್ತಿತ್ತು, ಈಗ ತಿರುಗಾಮುರುಗಾ. ನೀನು ಮಾತ್ರ ಪೂರ್ತಿ ಹೊರಗೆ. ನಿನ್ನ ಮೇಲೆ ಬಿಸಿಲಿತ್ತು, ಗಾಳಿ ಸೀರೆಯನ್ನು ಅಲ್ಲಾಡಿಸುತ್ತಿತ್ತು. ನನಗಿಂತ ಮೊದಲು ನೀನೇ ತಾರಸಿ ನೋಡಿದೆ ಎಂದು ಹೊಟ್ಟೆಕಿಚ್ಚಾಯಿತು. ಹೊಟ್ಟೆಯಲ್ಲಿರುವವರ ಮೇಲೇ ಹೊಟ್ಟೆಕಿಚ್ಚು, ನೋಡು.

ದೂರದಿಂದ ನಿಲ್ದಾಣದ ಘೋಷಣೆ ಕೇಳುತ್ತಿತ್ತು, ನನ್ನ ಬದಲಿಗೆ ಬಂದ ಹುಡುಗಿಯ ದನಿ. ಕ್ಷಮೆ ಕೇಳುವಾಗಲೂ ಜಗಳ ಕಾಯುವವಳ ಹಾಗೆ ಹೇಳುತ್ತಾಳೆ. ಅವಳು ಹೇಳಿದ ಗಾಡಿ ಸ್ವಲ್ಪ ಹೊತ್ತಿಗೆ ಮನೆಗಳ ಸಂದಿಯಲ್ಲಿ ಹಾದುಹೋಯಿತು. ಘೋಷಣೆ ಕೇಳಿ ಗಾಡಿ ನೋಡಿದ್ದು ಈ ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲು. ದರ್ಜಿ ಸ್ಕ್ರೂ ಬಿಚ್ಚಿದ, ಅಲುಗಾಡಿಸಿದ, ಹಲಗೆ ಕಿರ್ರೋ ಎಂದಿತು. ನಿಮ್ಮಪ್ಪ ಏನೂ ಮಾಡದೆ ನನ್ನ ಹೊಟ್ಟೆಯನ್ನೇ ನೋಡುತ್ತಾ ನಿಂತಿದ್ದರು, ಈಗ ಏನೋ ಆಗುತ್ತದೆ ಅನ್ನುವವರ ಹಾಗೆ.

ಏನೂ ಆಗಲಿಲ್ಲ. ಆ ದಿನದ ದೊಡ್ಡ ಸುದ್ದಿ ಅದೇ. ಅಷ್ಟು ಗದ್ದಲದಲ್ಲಿ ನೀನು ಒಂದು ಸಲ ಮೈ ಮುರಿದು, ಮಗ್ಗುಲು ಬದಲಿಸಿ, ತೆಪ್ಪಗಾದೆ. ನಾನು ಅದನ್ನು ಹೇಳಿದಾಗ ಒಳಗಿನಿಂದ ಅತ್ತೆ ಅಂದರು: “ಬಿಡ್ರೋ ಭಯಾನ. ಈ ಮನೆ ಮಂಚದ ಥರಾನೇ ಅದೂನೂ. ಬಾಗಿಲಿಂದ ಅಷ್ಟು ಸುಲಭಕ್ಕೆ ಹೊರಗೆ ಬರಲ್ಲ.” ನಿಮ್ಮಪ್ಪ ನಕ್ಕರು. ನೀನು ಒಳಗೆ ಬಂದಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಹಲಗೆ ಬಿಚ್ಚಿದ ಮೇಲೆ, ಕುಲುಕಿದ್ದು ಇಷ್ಟು ಸಾಕು ಎಂದು ಮಂಚವನ್ನು ಮತ್ತೆ ಒಳಗೆ ತಂದರು, ನಾನೂ ಬಂದೆ. ಬಾಗಿಲ ಚೌಕಟ್ಟಿನಲ್ಲಿ ಬಣ್ಣ ಕಿತ್ತ ಗೀರು ಉಳಿದಿದೆ. ಫ್ಯಾನು, ಟ್ಯಾಂಕು, ತೇವದ ಕಲೆ ಎಲ್ಲ ಅಲ್ಲೇ ಇವೆ. ಹೊಲಿಗೆ ಬಿಚ್ಚುವ ದಿನ ಇನ್ನೂ ದೂರ. ಬೆಳಗ್ಗೆ ಎದ್ದಾಗ, ಎದ್ದಾಗ ಏನು ಬಂತು, ಎಚ್ಚರವಾದಾಗ, ಮೊದಲು ನಿನ್ನ ಮಿಸುಕಾಟ ಹುಡುಕುತ್ತೇನೆ. ಸಿಗುವವರೆಗೆ ಉಸಿರನ್ನೂ ಮಂಚದ ಮೇಲೇ ಮಲಗಿಸಿರುತ್ತೇನೆ. ಭಯ ಹೋಗಿಲ್ಲ, ಅದಕ್ಕೂ ಇಲ್ಲಿಂದ ಹೋಗುವ ಹಾಗಿಲ್ಲ.

ಆದರೆ ನಿನ್ನೆ ಸಂಜೆ ನಾನು ಅಟ್ಟದೆಯೇ ನಿಮ್ಮಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು. ತಡವಾಗಿ ಬಂದರು.

“ಏನು ನೋಡಿದ್ರಿ?”

“ಸೇತುವೆ ಇತ್ತು.”

“ಮತ್ತೆ?”

“ನೀರು ಹರೀತಿತ್ತು.”

“ಬೆಳ್ಳಕ್ಕಿ?”

“ಬೆಳ್ಳಗೆ ಏನೋ ಇತ್ತಪ್ಪ.”

ಇಂಥ ದರಿದ್ರ ವರದಿಯನ್ನು ಹಳ್ಳಕ್ಕೆ ಹೋಗದವರು ಕೊಡಲಾರರು. ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು ಬೇರೆ. ಕಿಟಕಿ ಕಾಣದ ಕಡೆ, ಫೋನು ಸಿಗದ ಕಡೆ, ನಮ್ಮಿಬ್ಬರನ್ನು ಬಿಟ್ಟು ಅಷ್ಟು ದೂರ ಹೋಗಿಬಂದಿದ್ದರು. ನೀನು ನಿನ್ನ ಜಾಗದಲ್ಲೇ ಇರುತ್ತೀಯ ಎಂದು ನಂಬಿ ಹೋಗಿದ್ದರು. ಮಂಚದ ಅಂಚಿನಲ್ಲಿ ಕೂತು ಒಂದೊಂದೇ ಮುಳ್ಳು ಕೀಳತೊಡಗಿದರು. ನಾನು ಮಲಗಿದಲ್ಲಿಂದಲೇ ಕೈಚಾಚಿ ಒಂದು ಕಿತ್ತೆ. ನಿನಗೆಂದು ದಿಂಬಿನ ಕೆಳಗೆ ಇಟ್ಟಿದ್ದೇನೆ.

ಅವರ ನಂಬಿಕೆ ಉಳಿಸು ಪುಟ್ಟಾ. ಇಕ್ಕಟ್ಟಾದರೂ ಸಹಿಸಿಕೋ, ನಾನೂ ಸಹಿಸಿಕೊಂಡಿದ್ದೇನೆ. ಮೋರಿ ಹಿಡಿದು ಹೋಗುವ ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೈಕಾಲು ಗಟ್ಟಿಯಾಗಲಿ, ನಿನ್ನ ಗಾಡಿ ವೇಳೆಗೆ ಸರಿಯಾಗಿ ಬರಲಿ. ತಡವಾದರೂ ಚಿಂತೆಯಿಲ್ಲ, ಅದಕ್ಕೆ ಕ್ಷಮೆ ಕೇಳಿ ನನಗೆ ಅಭ್ಯಾಸವಿದೆ.

ಪ್ಲಾಟ್‌ಫಾರ್ಮಿನಲ್ಲೇ ಮಲಗಿ ಕಾಯುತ್ತಿರುವ
ನಿನ್ನ ಅಮ್ಮ