ಕಪ್ಪಿನ ಪಕ್ಕದ ಕಡುನೀಲಿ

ಮಾರ್ಚ್ 4, ಬೆಳಿಗ್ಗೆ 8.15

ಕಡುನೀಲಿ ಪ್ಯಾಂಟಿನ ಮಡಿಕೆಯಲ್ಲಿ ಕಪ್ಪು ದಾರ. ಇಸ್ತ್ರಿ ಮಾಡುವಾಗ ಕಂಡಿತು. ನಲವತ್ತು ವರ್ಷದಿಂದ ಹೊಲಿಯುತ್ತಿರುವ ಅಪ್ಪನ ಕೈಕೆಲಸ! ಹೇಳಿದೆ. ಎರಡೂ ದಾರದ ರೀಲುಗಳನ್ನು ಕಿಟಕಿಗೆ ಹಿಡಿದು ನೋಡಿದರು.

"ಎರಡೂ ಕಪ್ಪೇ ಅಲ್ವೇನೇ?"

"ಒಂದು ನೀಲಿ, ಅಪ್ಪ."

ಬಿಚ್ಚಲು ಕೂತರು. ಹನ್ನೊಂದನೇ ತಾರೀಕು ಕಣ್ಣಿಗೆ ಇಂಜೆಕ್ಷನ್ ಇದೆ, ಆಮೇಲೆ ಸರಿಹೋಗುತ್ತೆ ಎಂದರು. ನನಗೆ ಸಮಾಧಾನ ಹೇಳುವ ಹಾಗೆ.

ಸಂಜೆ

ಅಪ್ಪ ಹೋಗುವ ಕಣ್ಣಿನ ಕ್ಲಿನಿಕ್ಕಿನ ವೆಬ್‌ಸೈಟ್ ಇವತ್ತು ಶುರುವಾಯಿತು. ಮಾಡಿದ್ದು ನಮ್ಮ ಆಫೀಸು, ಮಾತುಗಳು ನನ್ನವು. 'ನಿಮ್ಮ ಭೇಟಿಯ ದಿನ ಬದಲಾಗಿದೆ. ಹೊಸ ದಿನವನ್ನು ಒಪ್ಪಿಕೊಳ್ಳಿ.' ಕೊನೆಯ ಪದವೇ ಲಿಂಕು. ಕಪ್ಪು ಅಕ್ಷರಗಳ ನಡುವೆ ಕಡುನೀಲಿ, ಕೆಳಗೆ ಗೆರೆಯಿಲ್ಲ. ನನಗೇ ಹುಡುಕಬೇಕಾಯಿತು.

"ಗೆರೆ ಬೇಡ್ವಾ?" ಅಂತ ಕೇಳಿದೆ.

ಡಿಸೈನರ್ ತಿರುಗಲೂ ಇಲ್ಲ. ಸಾಹಿತ್ಯ ಓದಿ ಬಂದವಳೆಂದು ನನ್ನನ್ನು ಕರೆಯುವುದೇ ಹಾಗೆ. "ಏನ್ರೀ ಸಾಹಿತ್ಯ, ಪುಸ್ತಕಕ್ಕೆ ಗೆರೆ ಎಳೆದು ಸಾಕಾಗ್ಲಿಲ್ವಾ? ಗೆರೆ ಹಾಕಿದ್ರೆ ಸೈಟ್ ಹಳೇ ಕಾಲದ್ದು ಅನ್ಸುತ್ತೆ. ಸೈನ್ ಮಾಡಿ, ಟೈಮಾಯ್ತು."

ನಮ್ಮಲ್ಲಿ ಎಲ್ಲರಿಗಿಂತ ಮೊದಲು ಕೆಲಸ ಮುಗಿಸುವವಳೇ ಸೈಟ್ ಪರೀಕ್ಷಿಸಿ ಸರಿಯಿದೆ ಎನ್ನುವ ಫಾರಂಗೂ ಸಹಿ ಹಾಕುವುದು. ಅಂದರೆ ನಾನು. ಹಾಕಿದೆ.

ಮಾರ್ಚ್ 11

ಅಪ್ಪ ಇಂಜೆಕ್ಷನ್ ಇಲ್ಲದೆ ವಾಪಸ್. ದಿನ ಹದಿಮೂರಕ್ಕೆ ಹೋಗಿದೆಯಂತೆ, ಫೋನಿನಲ್ಲಿ ಆ ಸೈಟಿನ ಮೆಸೇಜ್ ಬಂದಿದೆ. "ನೋಡ್ಕೊಂಡೆ, ಬಿಡು" ಎಂದರು. ನಾನೂ ಬಿಟ್ಟೆ.

ಮಾರ್ಚ್ 13

ಇವತ್ತೂ ಇಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲವಂತೆ. ಒಪ್ಪಿಗೆ ಬರಲಿಲ್ಲ ಎಂದು ಆ ಜಾಗ ಬೇರೆಯವರಿಗೆ. ಇನ್ನು ಏಪ್ರಿಲ್ ಎರಡಕ್ಕೆ.

"ಒಪ್ಕೊಂಡಿದ್ದೆ ಕಣೇ ಪುಟ್ಟಿ. ಮೂರು ಸಲ ಓದಿದೆ. ಆಗ್ಲಿ ಅಂದೆ."

"ಯಾರಿಗೆ ಅಂದೆ?"

"ಫೋನಿಗೆ."

ನಗು ಬಂದಿತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಆ ವಾಕ್ಯ ನನ್ನದು. ಆ ಸಹಿ ನನ್ನದು.

ಮಾರ್ಚ್ 14, ಮಧ್ಯಾಹ್ನ

ಊಟದ ಡಬ್ಬಿ ಇನ್ನೂ ತೆರೆದಿಲ್ಲ. ಮೊದಲು ಇದನ್ನು ಬರೆಯುತ್ತೇನೆ.

ಡಿಸೈನರ್ ಹತ್ತಿರ ಹೋಗಿ, ಲಿಂಕು ಕಾಣುತ್ತಿಲ್ಲ ಎಂದು ಹೇಳಿದೆ. ಪರದೆ ತಿರುಗಿಸಿ ತೋರಿಸಿದ. "ಅಕ್ಷರ ಎದ್ದು ಕಾಣೋ ಅಳತೆ, ಹದಿನಾರಕ್ಕೆ ಒಂದು. ನಾಲ್ಕೂವರೆ ಇದ್ರೆ ಪಾಸು. ಕಡುನೀಲಿಗಿಂತ ಒಳ್ಳೆ ಬಣ್ಣ ತಂದ್ಕೊಡಿ ನೋಡೋಣ."

"ಅದು ಬಿಳಿ ಹಿನ್ನೆಲೆಗೆ. ಪಕ್ಕದ ಕಪ್ಪು ಅಕ್ಷರದ ಜೊತೆ ಅಳೆದ್ರಾ?"

"ಅದನ್ನ ಯಾರು ಅಳೀತಾರ್ರೀ?"

ಯಾರೂ ಅಳೆಯುವುದಿಲ್ಲ. ಓದಲು ಬರುತ್ತದೆ, ಒತ್ತಬೇಕು ಅಂತ ತಿಳಿಯುವುದಿಲ್ಲ. ಬಾಗಿಲಿಗೆ ಗೋಡೆಯ ಬಣ್ಣವನ್ನೇ ಬಳಿದು, ಗೋಡೆ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ ಅನ್ನುವ ಜಾಣರು. ಅದೂ ಕಣ್ಣು ಮಂಜಾದವರ ಸೈಟಿಗೆ.

ಬಾಸ್ ಕೋಣೆಯಿಂದ ಹೊರಬಂದರು. "ಎಷ್ಟು ಜನ ಕಂಪ್ಲೇಂಟ್ ಮಾಡಿದಾರಮ್ಮ?"

"ಒಬ್ಬರು."

"ಒಬ್ಬರಿಗೋಸ್ಕರ ಸೈಟ್ ಬದಲಾಯಿಸೋಕಾಗುತ್ತಾ?"

ಆ ಒಬ್ಬರು ಯಾರೆಂದು ಹೇಳಲಿಲ್ಲ. ಹೇಳಿದ್ದರೆ ಅದು ನನ್ನ ಮನೆಯ ವಿಷಯವಾಗಿಬಿಡುತ್ತಿತ್ತು. ಉಳಿದವರು ಹೇಗೆ ದೂರು ಕೊಡಬೇಕು? ದೂರಿನ ಲಿಂಕಿಗೂ ಅದೇ ಬಣ್ಣ.

ಮಾರ್ಚ್ 27

ಅಪ್ಪ ಪೇಪರ್ ಮಡಚಿ ನನ್ನ ಮುಂದೆ ಇಟ್ಟರು. "ನೀನೇ ಓದು, ನಿನ್ನ ಓದು ಕೇಳೋಕೆ ಚೆನ್ನಾಗಿರುತ್ತೆ." ಇಷ್ಟು ವರ್ಷ ಎಂದೂ ಹೇಳದ ಮಾತು. ಓದಿದೆ. ಅರ್ಧದಲ್ಲಿ ತಡೆದು, ಸಾಲುಗಳು ಸೊಟ್ಟ ಕಾಣ್ತಿವೆ, ಪದದ ನಡುವೆ ಒಂದು ಚೂರು ಇಲ್ಲ ಎಂದರು. ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ.

ಹೊಲಿಗೆ ಯಂತ್ರದ ಹೊದಿಕೆಯನ್ನು ಅಪ್ಪ ತೆಗೆದಿಲ್ಲ. ನಾಲ್ಕು ದಿನದಿಂದ.

ಏಪ್ರಿಲ್ 1, ಸಂಜೆ 5.40

ನಾಳೆ ಇಂಜೆಕ್ಷನ್. ಈ ಸಲದ ದಿನವನ್ನು ನಾನೇ ಒತ್ತಿ ಒಪ್ಪಿಸಿದ್ದೇನೆ. ತಡವಾಗಿದೆ, ಹೋದದ್ದು ಎಷ್ಟು ಮರಳುತ್ತದೋ ಹೇಳಲಾಗದು ಎಂದಿದ್ದಾರೆ ಡಾಕ್ಟರ್.

ನನ್ನ ಮೇಜಿನ ಮೇಲೆ ಹೊಸ ಫಾರಂ. ಕ್ಲಿನಿಕ್ಕಿನ ಎರಡನೇ ಶಾಖೆಯ ಸೈಟು. ಅದೇ ವಾಕ್ಯ, ಅದೇ ಕಡುನೀಲಿ, ಗೆರೆಯಿಲ್ಲ.

ಆಫೀಸಿನಲ್ಲಿ ಕೋಡಿಂಗ್ ಮಾಡುವ ಅಕ್ಕನನ್ನು ಕೇಳಿದೆ, ಗೆರೆ ಹಾಕೋಕೆ ಎಷ್ಟು ಹೊತ್ತು? "ಒಂದೇ ಸಾಲು ಕಣೇ. ಎರಡು ಸೈಟಿಗೂ ಸೇರಿ ಎರಡು ನಿಮಿಷ. ಆದ್ರೆ ಫಾರಂನಲ್ಲಿ ಫೇಲ್ ಅಂತ ಇಲ್ದೆ ನಾನು ಮುಟ್ಟೋ ಹಾಗಿಲ್ಲ." ಪರದೆಗೆ ತಿರುಗುತ್ತಾ, "ಇಲ್ಲಿ ಇದುವರೆಗೂ ಯಾರೂ ಫೇಲ್ ಬರೆದಿಲ್ಲ" ಎಂದಳು.

ಎರಡು ನಿಮಿಷ. ಅಪ್ಪನ ಮೂರು ವಾರ.

ಎಲ್ಲರೂ ಕಾಫಿಗೆ ಹೋಗಿದ್ದಾರೆ. ಪರೀಕ್ಷಿಸಿದವರು: ನನ್ನ ಹೆಸರು. ಫಲಿತಾಂಶ: ಫೇಲ್. ಕಾರಣಕ್ಕೆ ಕೊಟ್ಟಿರುವ ಜಾಗ ಎರಡು ಬೆರಳಗಲ. ಹಾಳೆಯ ಹಿಂಬದಿಗೂ ಬರೆಯುತ್ತೇನೆ. ಮಾರ್ಚ್ ನಾಲ್ಕರಂದು ನಾನು ಹಾಕಿದ ಸಹಿಯಿಂದಲೇ ಶುರು. ಒಂದು ಪ್ರತಿ ನಾಳೆ ಅಪ್ಪನ ಜೊತೆ ಹೋದಾಗ ಕ್ಲಿನಿಕ್ಕಿಗೆ ನಾನೇ ಕೊಡುವುದು.

ಬ್ಯಾಗಿನಲ್ಲಿ ಅಪ್ಪನ ಎರಡು ದಾರದ ರೀಲುಗಳಿವೆ. ಬಾಸ್ ಕರೆಸಿದರೆ ಮೇಜಿನ ಮೇಲೆ ಅಕ್ಕಪಕ್ಕ ಇಡುತ್ತೇನೆ. ದೀಪ ಆರಿಸಿ, ಒಂದೇ ಪ್ರಶ್ನೆ. ಇದರಲ್ಲಿ ನೀಲಿ ಯಾವುದು?